ಸ್ವಾಹಿಲಿಯಲ್ಲಿ ಬಿಸಿ, ಸೆಕೆ, ಖಾರ: ಎಲ್ಲಿ ಮೋಟೊ, ಎಲ್ಲಿ ಜೋಟೊ, ಎಲ್ಲಿ ಕಾಲಿ

ಐಐಟಿ ಮದ್ರಾಸ್ 2023ರಲ್ಲಿ ಟಾಂಜಾನಿಯಾದ ಜಾಂಜಿಬಾರ್‌ನಲ್ಲಿ ಕ್ಯಾಂಪಸ್ ತೆರೆಯಿತು. ಕೆನ್ಯಾದ ನೈರೋಬಿ, ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗಳಿಗೆ ಕೆಲಸದ ಮೇಲೆ ಹೋಗುವವರು ಮೊದಲಿಂದಲೂ ಇದ್ದಾರೆ. ಹೀಗೆ ಹೊರಡುವವರು ಫೋನಿನ ಆ್ಯಪ್‌ನಲ್ಲಿ ನಾಲ್ಕು ಸ್ವಾಹಿಲಿ ಮಾತು ಕಲಿತುಕೊಳ್ಳಲು ನೋಡುತ್ತಾರೆ. 20 ಕೋಟಿಗೂ ಹೆಚ್ಚು ಜನ ಆಡುವ ಪೂರ್ವ ಆಫ್ರಿಕಾದ ಭಾಷೆ ಇದು ಎನ್ನುವುದು ಯುನೆಸ್ಕೊ ಲೆಕ್ಕ. ಜುಲೈ 7ನ್ನು ವಿಶ್ವ ಕಿಸ್ವಾಹಿಲಿ (ಸ್ವಾಹಿಲಿಯದೇ ಇನ್ನೊಂದು ಹೆಸರು) ದಿನವೆಂದು 2021ರಲ್ಲಿ ಘೋಷಿಸಿದ್ದೂ ಅದೇ ಸಂಸ್ಥೆ. ಆ್ಯಪ್‌ನಲ್ಲಿ ಇಂಗ್ಲಿಷಿನ ‘ಹಾಟ್’ ಎಂದು ಟೈಪ್ ಮಾಡಿದರೆ ‘ಮೋಟೊ’ ಎಂಬ ಉತ್ತರ ಬರುತ್ತದೆ. ಉತ್ತರ ಸುಳ್ಳಲ್ಲ. ಆದರೆ ಅದನ್ನೇ ನಂಬಿ ಮಧ್ಯಾಹ್ನದ ಧಗೆಯಲ್ಲಿ ‘ಮೀಮಿ ನಿ ಮೋಟೊ’ ಎಂದರೆ ‘ನನಗೆ ಸೆಕೆ’ ಎಂದಾಗುವುದಿಲ್ಲ, ‘ನಾನು ಬೆಂಕಿ’ ಎಂದಾಗುತ್ತದೆ.

ಚಹಾ, ಹವೆ, ಮೆಣಸಿನಕಾಯಿ, ಜ್ವರದ ಮೈ ಎಲ್ಲಕ್ಕೂ ಇಂಗ್ಲಿಷಿನಲ್ಲಿ ಒಂದೇ ಮಾತು ಸಾಕು. ಸ್ವಾಹಿಲಿಯಲ್ಲಿ ಸಾಲದು. ಕನ್ನಡದಲ್ಲೂ ಸಾಲದು: ಚಹಾ ಬಿಸಿ, ಹವೆ ಸೆಕೆ, ಸಾರು ಖಾರ, ಮಗುವಿಗೆ ಜ್ವರ. ಸ್ವಾಹಿಲಿಯ ವಿಂಗಡಣೆಯೂ ಹೆಚ್ಚುಕಡಿಮೆ ಇದೇ. ಹಾಗಾಗಿ ನಡುವೆ ಇಂಗ್ಲಿಷನ್ನು ತರದೆ ಕನ್ನಡದಿಂದ ನೇರವಾಗಿ ಹೋದವರಿಗೆ ತಪ್ಪು ಕಡಿಮೆ.

## ಮೊದಲು ಉಚ್ಚಾರಣೆ

ಸ್ವಾಹಿಲಿಯಲ್ಲಿ ಒತ್ತು ಬಹುತೇಕ ಯಾವಾಗಲೂ ಕೊನೆಯಿಂದ ಎರಡನೆಯ ಅಕ್ಷರಕ್ಕೆ. ಒತ್ತು ಬಿದ್ದ ಸ್ವರ ಕೊಂಚ ಎಳೆದಂತೆ ಕೇಳಿಸುತ್ತದೆ. ಇಲ್ಲಿ ಆ ಸ್ವರವನ್ನು ದೀರ್ಘವಾಗಿಯೇ ಬರೆದಿದೆ: ಮೋಟೊ, ಬರೀಡಿ, ಪಿಲಿಪೀಲಿ. ಬರೆದದ್ದನ್ನು ಬರೆದ ಹಾಗೆ ಓದಿದರೆ ಒತ್ತು ತಾನಾಗಿ ಸರಿಯಾದ ಕಡೆ ಬೀಳುತ್ತದೆ. ಟ ಮತ್ತು ಡ ಎಂದು ಬರೆದ ಕಡೆ ನಾಲಿಗೆಯನ್ನು ಪೂರ್ತಿ ಮೇಲಕ್ಕೆ ಮಡಚಬೇಕಿಲ್ಲ, ಮೇಲಿನ ಹಲ್ಲಿನ ಹಿಂದಿನ ದಿಣ್ಣೆಗೆ ತಾಗಿಸಿದರೆ ಸಾಕು.

ಕನ್ನಡಿಗರು ಎಡವುವುದು ಜ ಮತ್ತು ಜ಼ ನಡುವೆ. ‘ಊಜಿ’ ಎಂದರೆ ಗಂಜಿ, ‘ಊಜ಼ಿ’ ಎಂದರೆ ದಾರ. ಹೋಟೆಲಿನಲ್ಲಿ ಬಿಸಿ ದಾರ ಕೇಳಿದರೂ ಗಂಜಿ ಬರುತ್ತದೆ ಅನ್ನಿ, ಆದರೂ ಜ಼ ಬಂದಲ್ಲಿ ಹಲ್ಲುಗಳ ನಡುವೆ ಗಾಳಿ ಸುಯ್ಯಬೇಕು. ಇನ್ನೊಂದು, ಪದದ ಮೊದಲಿಗೆ ಬರುವ ಮ್. ‘ಮ್ಟೋಟೊ’ (ಮಗು) ಎನ್ನುವಾಗ ತುಟಿ ಮುಚ್ಚಿ ಮ್ ಎಂಬುದನ್ನು ಒಂದು ಪೂರ್ತಿ ಅಕ್ಷರದಷ್ಟು ಹೊತ್ತು ಹಿಡಿಯಬೇಕು. ಹಿಡಿಯದೆ ಅವಸರಿಸಿದರೆ ಅದು ‘ಮೋಟೊ’ದ ಹತ್ತಿರ ಹೋಗಿಬಿಡುತ್ತದೆ.

## ಕನ್ನಡದ ಯಾವುದಕ್ಕೆ ಯಾವುದು

ಮುಟ್ಟಿದರೆ, ಕುಡಿದರೆ ಸುಡುವ ಬಿಸಿಗೆ ‘ಮೋಟೊ’. ಮೂಲ ಅರ್ಥ ಬೆಂಕಿ.
ಹವೆಯ ಸೆಕೆ, ಧಗೆ, ಮೈಯ ಕಾವಿಗೆ ‘ಜೋಟೊ’.
ಉರಿಬಿಸಿಲು, ಖಾರ, ಹರಿತ, ಉಗ್ರ, ಇವೆಲ್ಲಕ್ಕೂ ‘ಕಾಲಿ’.
ಜ್ವರಕ್ಕೆ ‘ಹೋಮ’. ನಮ್ಮ ಹೋಮಕ್ಕೂ ಇದಕ್ಕೂ ಸಂಬಂಧವಿಲ್ಲ, ನೆನಪಿಡಲು ಮಾತ್ರ ಸುಲಭ.
ಉಗುರುಬೆಚ್ಚಗೆ ಎನ್ನಲು ‘ವುಗುವೂಗು’.
ಇವಕ್ಕೆಲ್ಲ ಎದುರಾದ ತಣ್ಣಗೆ, ಚಳಿ ಎರಡಕ್ಕೂ ‘ಬರೀಡಿ’.

## ಮೋಟೊ ಗುಣವಾಚಕವಲ್ಲ

ಮೋಟೊ ಎಂಬುದು ಬೆಂಕಿಯ ಹೆಸರು, ನಾಮಪದ. ‘ಬಿಸಿನೀರು’ ಎನ್ನುವ ಹಾಗೆ ಅದನ್ನು ನೀರಿನ ಪಕ್ಕದಲ್ಲಿ ಸುಮ್ಮನೆ ಇಡಲಾಗದು. ಸ್ವಾಹಿಲಿಯಲ್ಲಿ ‘ಬೆಂಕಿಯ ನೀರು’ ಎಂದು ಹೇಳಬೇಕು. ಪದಗಳ ಸಾಲು ಮಾತ್ರ ನಮ್ಮದಕ್ಕೆ ತಿರುಗುಮುರುಗು. ಮೊದಲು ವಸ್ತು, ಆಮೇಲೆ ಕೊಂಡಿ, ಕೊನೆಗೆ ಮೋಟೊ.

ಮಾಜಿ ಯ ಮೋಟೊ: ಬಿಸಿನೀರು (ಮಾಜಿ = ನೀರು)
ಚಾಯಿ ಯ ಮೋಟೊ: ಬಿಸಿ ಚಹಾ

ನಡುವಿನ ‘ಯ’ ನಮ್ಮ ‘ಬೆಂಕಿಯ’ ಎನ್ನುವಲ್ಲಿನ ಷಷ್ಠಿಯ ಕೆಲಸ ಮಾಡುತ್ತದೆ. ಕನ್ನಡದ ಪ್ರತ್ಯಯಕ್ಕೂ ಇದಕ್ಕೂ ಸದ್ದು ಹೊಂದಿಕೊಂಡದ್ದು ಬರೀ ಕಾಕತಾಳೀಯ. ಆ ಹೊಂದಿಕೆಯೂ ಬಹಳ ದೂರ ಬರುವುದಿಲ್ಲ, ಏಕೆಂದರೆ ಈ ಕೊಂಡಿ ತನಗಿಂತ ಮೊದಲು ಬಂದ ವಸ್ತುವಿಗೆ ತಕ್ಕಂತೆ ಬದಲಾಗುತ್ತದೆ.

ಅವನು ಬಂದ, ಅವಳು ಬಂದಳು, ಅದು ಬಂತು ಎಂದು ಕನ್ನಡದಲ್ಲಿ ಕರ್ತೃವನ್ನು ನೋಡಿ ಕ್ರಿಯಾಪದ ಬದಲಿಸುತ್ತೇವೆ. ಗಂಡು, ಹೆಣ್ಣು, ನಪುಂಸಕ ಎಂದು ನಮ್ಮಲ್ಲಿ ಮೂರೇ ಗುಂಪು. ಸ್ವಾಹಿಲಿಯಲ್ಲಿ ಗಂಡು ಹೆಣ್ಣಿನ ಲೆಕ್ಕವಿಲ್ಲ, ಆದರೆ ನಾಮಪದಗಳು ಹತ್ತಕ್ಕೂ ಹೆಚ್ಚು ಗುಂಪುಗಳಲ್ಲಿ ಹಂಚಿಹೋಗಿವೆ. ಪದ ಯಾವ ಗುಂಪಿನದು ಎಂಬುದು ಬಹುಪಾಲು ಅದರ ಮೊದಲ ಅಕ್ಷರದಲ್ಲೇ ಗೊತ್ತಾಗುತ್ತದೆ. ಕ್ರಿಯಾಪದ, ಗುಣವಾಚಕ, ಈ ಕೊಂಡಿ ಎಲ್ಲವೂ ಆ ಗುಂಪಿನ ಗುರುತನ್ನು ಹೊತ್ತುಕೊಳ್ಳುತ್ತವೆ. ಊಟ ತಿಂಡಿಯ ವಿಷಯದಲ್ಲಿ ಬೇಕಾಗುವಷ್ಟು ಇಲ್ಲಿದೆ:

ಚಕೂಲ ಚ ಮೋಟೊ: ಬಿಸಿ ಊಟ
ಮ್ಕಾಟೆ ವ ಮೋಟೊ: ಬಿಸಿ ಬ್ರೆಡ್
ವಾಲಿ ವ ಮೋಟೊ: ಬಿಸಿ ಅನ್ನ
ಊಜಿ ವ ಮೋಟೊ: ಬಿಸಿ ಗಂಜಿ
ಯಾಯಿ ಲ ಮೋಟೊ: ಬಿಸಿ ಮೊಟ್ಟೆ, ಒಂದು
ಮಯಾಯಿ ಯ ಮೋಟೊ: ಬಿಸಿ ಮೊಟ್ಟೆಗಳು
ಚಪಾಟಿ ಯ ಮೋಟೊ: ಬಿಸಿ ಚಪಾತಿ, ಒಂದು
ಚಪಾಟಿ ಜ಼ ಮೋಟೊ: ಬಿಸಿ ಚಪಾತಿಗಳು

ಕೊನೆಯ ಜೋಡಿ ನೋಡಿ. ‘ಚಪಾಟಿ’ ಏಕವಚನ ಬಹುವಚನ ಎರಡರಲ್ಲೂ ಒಂದೇ ರೂಪ, ಎಷ್ಟು ಎನ್ನುವುದನ್ನು ಹೇಳುವುದು ಕೊಂಡಿ ಮಾತ್ರ. ಪದ ನಮ್ಮ ಕಡೆಯಿಂದ ಹೋದದ್ದೇ. ಭಾರತದಿಂದ ಹೋದ ಪದಗಳಿಗೂ ಅಲ್ಲಿ ಅಲ್ಲಿನದೇ ವ್ಯಾಕರಣ.

ಒಂದೇ ವಾಕ್ಯದಲ್ಲಿ ಎರಡು ಕೊಂಡಿ ಬಂದರೆ ಒಂದೊಂದೂ ತನ್ನ ವಸ್ತುವಿಗೆ ಒಲಿಯುತ್ತದೆ. ‘ಕಿಕೋಂಬೆ ಚ ಚಾಯಿ ಯ ಮೋಟೊ’, ಒಂದು ಕಪ್ ಬಿಸಿ ಚಹಾ. ಇಲ್ಲಿ ಚ ಎಂಬುದು ಕಪ್ಪಿನದು, ಯ ಎಂಬುದು ಚಹಾದ್ದು. ಕಿ ಎಂದು ಶುರುವಾಗುವ ಪದಕ್ಕೆ ಚ ಕೊಂಡಿ ಎಂದು ಗಟ್ಟಿ ಮಾಡಿಕೊಂಡರೆ ಚಕೂಲಕ್ಕೂ ಅದೇ ನಡೆಯುತ್ತದೆ, ಎರಡೂ ಒಂದೇ ಗುಂಪು.

ಮನುಷ್ಯರು, ಪ್ರಾಣಿಗಳಿಗೆ ‘ವ’. ಬಾಣಲೆಯಿಂದ ಈಗಷ್ಟೇ ಇಳಿದ ಮೀನಿಗೂ ‘ಸಮಾಕಿ ವ ಮೋಟೊ’ ಎಂದೇ ಹೇಳಬೇಕು. ಹುರಿದು ತಟ್ಟೆಗೆ ಬಂದರೂ ಸ್ವಾಹಿಲಿ ವ್ಯಾಕರಣದ ಪಾಲಿಗೆ ಮೀನು ಜೀವಿಯೇ.

ಇಷ್ಟೆಲ್ಲ ನೆನಪಿಡಲು ಕಷ್ಟವೆನಿಸಿದವರಿಗೆ ಒಂದು ಒಳದಾರಿ. ನೀರು, ಚಹಾ, ಕಾಫಿ (ಕಹಾವ), ಹಾಲು (ಮಜ಼ೀವ), ಸೂಪು, ಸೋಡಾ, ಹೀಗೆ ಕುಡಿಯುವ ಪದಾರ್ಥಗಳಲ್ಲಿ ಬಹುತೇಕಕ್ಕೆ ‘ಯ’ ನಡೆಯುತ್ತದೆ. ಗಂಜಿ ಇದಕ್ಕೆ ಹೊರತು. ಕೊಂಡಿ ತಪ್ಪಿದರೂ ಎದುರಿನವರಿಗೆ ಅರ್ಥವಾಗುತ್ತದೆ. ಕೊಂಡಿಯನ್ನೇ ಬಿಟ್ಟು ‘ಚಾಯಿ ಮೋಟೊ’ ಎಂದರೂ ಅರ್ಥವಾಗುತ್ತದೆ, ಆದರೆ ಕಿವಿಗೆ ‘ಚಹಾ ಬೆಂಕಿ’ ಎಂದ ಹಾಗೆ ಮುರುಕಾಗಿ ಕೇಳಿಸುತ್ತದೆ. ಕೊಂಡಿ ಬಿಟ್ಟರೂ ಒಪ್ಪಿತವಾದ ಕಡೆಗಳು ಕೆಲವಿವೆ. ಬಿಸಿನೀರಿನ ಬುಗ್ಗೆಗೆ ‘ಚೆಮ್‌ಚೇಮಿ ಯ ಮಾಜಿ ಮೋಟೊ’ ಎನ್ನುತ್ತಾರೆ, ಮಾಜಿ ಮೋಟೊ ಎಂಬ ಹೆಸರಿನ ಊರುಗಳೂ ಇವೆ. ಬರೀಡಿಗೂ ಕೊಂಡಿ ಬೇಕಿಲ್ಲ. ‘ಮಾಜಿ ಬರೀಡಿ’ ಎಂದರೆ ತಣ್ಣೀರು, ಸರಿಯಾಗಿಯೇ ಇದೆ. ತಣ್ಣೀರನ್ನು ಮೊದಲು ಕಲಿತವರು ಅದೇ ಅಚ್ಚಿನಲ್ಲಿ ಬಿಸಿನೀರನ್ನು ಹೇಳಲು ಹೋಗಿ ತಪ್ಪುವುದೇ ಹೆಚ್ಚು.

## ಬಿಸಿ ಇದೆ, ಬಿಸಿ ಇಲ್ಲ, ಆರಿದೆ

ಚಹಾ ಬಿಸಿಯಾಗಿದೆ ಎನ್ನಲು ನಡುವೆ ‘ನಿ’ ಸೇರಿಸಿ: ‘ಚಾಯಿ ನಿ ಯ ಮೋಟೊ’. ಮಾತಿನಲ್ಲಿ ‘ಚಾಯಿ ನಿ ಮೋಟೊ’ ಎಂದೂ ಧಾರಾಳವಾಗಿ ಹೇಳುತ್ತಾರೆ. ಇಲ್ಲ ಎನ್ನಲು ‘ನಿ’ ಇದ್ದಲ್ಲಿ ‘ಸಿ’: ‘ಚಾಯಿ ಸಿ ಯ ಮೋಟೊ’. ಬಹಳ ಬಿಸಿ ಎನ್ನಲು ಕೊನೆಗೆ ‘ಸಾನ’. ಇನ್ನೂ ಬಿಸಿ ಇದೆ ಎನ್ನಲು ‘ಬಾಡೊ’: ‘ಚಾಯಿ ಬಾಡೊ ನಿ ಯ ಮೋಟೊ’. ಮಕ್ಕಳಿಗೆ, ಅಡುಗೆಮನೆಗೆ ಹೊಸದಾಗಿ ಬಂದವರಿಗೆ ಹೇಳುವ ಎಚ್ಚರಿಕೆ, ‘ಉಸಿಗೂಸೆ, ನಿ ಮೋಟೊ!’, ಮುಟ್ಟಬೇಡ, ಬಿಸಿ ಇದೆ.

ಚಹಾ ತಣ್ಣಗಾಗಿದ್ದರೆ ‘ಬರೀಡಿ’ ಬೇಕಾಗುವುದಿಲ್ಲ, ಅದಕ್ಕೆ ಕ್ರಿಯಾಪದವೇ ಇದೆ. ‘ಚಾಯಿ ಇಮೆಪೋವ’, ಚಹಾ ಆರಿದೆ. ಕನ್ನಡದ ‘ಆರು’ ಇಲ್ಲಿ ಪೂರ್ತಿ ಹೊಂದುತ್ತದೆ. ‘ಸುಬೀರಿ ಇಪೋವೆ’ ಎಂದರೆ ಆರಲಿ ತಡಿ. ಇದೇ ‘ಪೋವ’ ಬೀದಿಯಲ್ಲಿ ‘ಹೇಗಿದ್ದೀಯ?’ ಎಂಬ ‘ಮಾಂಬೊ?’ಗೆ ಸಿಗುವ ಮಾಮೂಲು ಉತ್ತರ. ಎಲ್ಲ ತಂಪಾಗಿದೆ, ಆರಾಮ್ ಅಂತ.

ಕ್ರಿಯಾಪದಗಳ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಕುದಿ, ಕುದಿಸು ಎಂದು ನಾವು ಪ್ರತ್ಯಯ ಹಚ್ಚುವ ಹಾಗೆಯೇ ಅಲ್ಲಿಯೂ ಜೋಡಿಗಳಿವೆ: ಚೇಮ್ಕ ಎಂದರೆ ಕುದಿ, ಚೇಮ್ಶ ಎಂದರೆ ಕುದಿಸು. ಪೋವ ಎಂದರೆ ಆರು, ಪೋಜ಼ ಎಂದರೆ ಆರಿಸು. ಉಂಗೂವ ಎಂದರೆ ಸುಟ್ಟುಹೋಗು, ಉಂಗೂಜ಼ ಎಂದರೆ ಸುಡು.

ಮಾಜಿ ಯಮೆಚೇಮ್ಕ: ನೀರು ಕುದಿದಿದೆ
ಮಾಜಿ ಯಮೆಪಾಟ ಮೋಟೊ: ನೀರು ಕಾದಿದೆ
ಚಾಯಿ ಇಮೆನಿಯುಂಗೂಜ಼ ಉಲೀಮಿ: ಚಹಾ ನನ್ನ ನಾಲಿಗೆ ಸುಟ್ಟಿತು

ನಡುವಿನ ಸಾಲಿನ ‘ಪಾಟ ಮೋಟೊ’ಕ್ಕೆ ಅಕ್ಷರಶಃ ‘ಬೆಂಕಿ ಪಡೆ’ ಎಂಬ ಅರ್ಥ. ಫೋನು ಕಾದರೂ ಇದೇ ಮಾತು: ‘ಸೀಮು ಇನಪಾಟ ಮೋಟೊ’, ಫೋನು ಬಿಸಿಯಾಗುತ್ತಿದೆ. ಬಂಡಿಯ ಎಂಜಿನ್‌ಗೂ ಇದನ್ನೇ ಬಳಸಬಹುದು.

ಕುಡಿಯುವ ನೀರಿನ ವಿಷಯದಲ್ಲಿ ಈ ಜೋಡಿ ಆರೋಗ್ಯಕ್ಕೆ ಸಂಬಂಧಿಸಿದ್ದು. ‘ಮಾಜಿ ಯ ಮೋಟೊ’ ಕೇಳಿದರೆ ಬಿಸಿನೀರು ಸಿಗುತ್ತದೆ, ಅದು ಕುದಿದದ್ದೇ ಆಗಿರಬೇಕೆಂದಿಲ್ಲ. ಕುದಿಸಿದ ನೀರೇ ಬೇಕಿದ್ದರೆ ‘ಮಾಜಿ ಯಲಿಯೊಚೇಮ್ಶ್ವ’ ಎನ್ನಬೇಕು. ಅಷ್ಟು ಉದ್ದ ನಾಲಿಗೆಗೆ ಬರದಿದ್ದರೆ ಲೋಟ ತೋರಿಸಿ ‘ಯಮೆಚೇಮ್ಶ್ವ?’ (ಕುದಿಸಿದ್ದಾರಾ?) ಎಂದು ಕೇಳಿದರೂ ನಡೆಯುತ್ತದೆ.

## ಕೇಳಿ ಪಡೆಯುವುದು

ಸ್ವಾಹಿಲಿಯಲ್ಲಿ ‘ಹೊಟೇಲಿ’ ಎಂದರೆ ಉಳಿದುಕೊಳ್ಳುವ ಜಾಗವಷ್ಟೇ ಅಲ್ಲ, ತಿಂಡಿ ಹೋಟೆಲೂ ಹೌದು. ನಮ್ಮಲ್ಲಿರುವ ಹಾಗೆಯೇ. ಟಾಂಜಾನಿಯಾದಲ್ಲಿ ಬೀದಿಬದಿ ಊಟ ಹಾಕುವ ಹೆಂಗಸರನ್ನು ‘ಮಾಮ ನ್ಟಿಲೀಯೆ’ ಎನ್ನುತ್ತಾರೆ, ‘ಅಮ್ಮಾ, ನನಗೆ ಬಡಿಸು’ ಎಂಬುದೇ ಹೆಸರಾಗಿಬಿಟ್ಟಿದೆ. ಬಡಿಸುವವರು ಸರೀಕ ವಯಸ್ಸಿನವರಾದರೆ ಹೆಂಗಸಿಗೆ ‘ಡಾಡ’ (ಅಕ್ಕ), ಗಂಡಸಿಗೆ ‘ಕಾಕ’ (ಅಣ್ಣ). ಹಿಂದಿಯ ದಾದಾ, ಉತ್ತರ ಕರ್ನಾಟಕದ ಕಾಕಾ ತಲೆಯಲ್ಲಿದ್ದವರಿಗೆ ಇದು ಒಂದೆರಡು ದಿನ ಅದಲುಬದಲಾಗುತ್ತದೆ.

ಬೇಕು ಎನ್ನಲು ‘ನಟಾಕ’ ಇದೆ, ಆದರೆ ಅದು ತುಸು ಒರಟು. ‘ನವೋಂಬ’ (ಕೇಳಿಕೊಳ್ಳುತ್ತೇನೆ) ಎಂದು ಶುರು ಮಾಡುವುದು ರೂಢಿ.

ನವೋಂಬ ಚಾಯಿ ಯ ಮೋಟೊ: ಬಿಸಿ ಚಹಾ ಕೊಡಿ
ನವೋಂಬ ಮಾಜಿ ಯ ಮೋಟೊ ಯ ಕುವೋಗ: ಸ್ನಾನಕ್ಕೆ ಬಿಸಿನೀರು ಕೊಡಿ
ಕೂನ ಮಾಜಿ ಯ ಮೋಟೊ?: ಬಿಸಿನೀರು ಇದೆಯಾ?
ಹಕೂನ ಮಾಜಿ ಯ ಮೋಟೊ: ಬಿಸಿನೀರು ಇಲ್ಲ

ಹಾಲು ಹಾಕಿದ ಚಹಾ ‘ಚಾಯಿ ಯ ಮಜ಼ೀವ’, ಹಾಲಿಲ್ಲದ್ದು ‘ಚಾಯಿ ಯ ರಾಂಗಿ’. ಹಾಲಿನ ಚಹಾ ಬಿಸಿಬಿಸಿಯಾಗಿ ಬೇಕೆಂದು ‘ಚಾಯಿ ಯ ಮಜ಼ೀವ ಯ ಮೋಟೊ’ ಎಂದರೆ ಒಂದು ತೊಡಕು. ಹಾಲಿಗೂ ಚಹಾಕ್ಕೂ ಕೊಂಡಿ ಒಂದೇ ಆದ್ದರಿಂದ ಬಿಸಿ ಆಗಬೇಕಾದ್ದು ಹಾಲೋ ಚಹಾವೋ ತಿಳಿಯುವುದಿಲ್ಲ. ‘ನವೋಂಬ ಚಾಯಿ ಯ ಮಜ಼ೀವ, ಈವೆ ಯ ಮೋಟೊ ಸಾನ’ (ಹಾಲಿನ ಚಹಾ ಕೊಡಿ, ಚೆನ್ನಾಗಿ ಬಿಸಿ ಇರಲಿ) ಎಂದು ಎರಡಾಗಿ ಒಡೆದರೆ ಗೊಂದಲವಿಲ್ಲ.

ಗಂಜಿ ಇಷ್ಟಪಡುವವರು ‘ಊಜಿ ವ ವೀಂಬಿ’ ಕೇಳಬಹುದು. ವೀಂಬಿ ಎಂದರೆ ನಮ್ಮ ರಾಗಿ, ಟಾಂಜಾನಿಯಾದಲ್ಲಿ ‘ಉಲೇಜ಼ಿ’ ಎನ್ನುವುದು ಹೆಚ್ಚು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಕರ್ನಾಟಕಕ್ಕೆ ಅದು ಸಾವಿರಾರು ವರ್ಷಗಳ ಹಿಂದೆ ಬಂದದ್ದು.

ಆರಿದ ಊಟವನ್ನು ಬಿಸಿ ಮಾಡಿಸಿಕೊಳ್ಳಲು ‘ಪಾಶ ಮೋಟೊ’. ‘ಪಾಶ ಚಕೂಲ ಮೋಟೊ’ ಎಂದರೆ ಊಟ ಬಿಸಿ ಮಾಡು. ನನಗಾಗಿ ಮಾಡಿ ಕೊಡು ಎನ್ನಲು ಕ್ರಿಯಾಪದದ ಹೊಟ್ಟೆಯಲ್ಲಿ ಒಂದು ‘ಈ’ ಸೇರುತ್ತದೆ: ‘ನವೋಂಬ ಉನಿಪಶೀಯೆ ಚಕೂಲ ಮೋಟೊ’, ಊಟ ಬಿಸಿ ಮಾಡಿ ಕೊಡಿ. ಕನ್ನಡದ ‘ಮಾಡು’ ಮತ್ತು ‘ಮಾಡಿಕೊಡು’ ನಡುವಿನ ವ್ಯತ್ಯಾಸವೇ ಇದು. ರಾತ್ರಿಯ ತಂಗಳಿಗೆ ‘ಕಿಪೋರೊ’ ಎನ್ನುತ್ತಾರೆ, ಬೆಳಿಗ್ಗೆ ಅದಕ್ಕೂ ‘ಪಾಶ ಮೋಟೊ’.

ಟಾಂಜಾನಿಯಾದ ಅಂಗಡಿಯಲ್ಲಿ ಸೋಡಾ ಕೇಳಿದರೆ ತಿರುಗಿ ಬರುವ ಪ್ರಶ್ನೆ: ‘ಬರೀಡಿ ಔ ಮೋಟೊ?’ ತಣ್ಣಗಿನದೋ ಬಿಸಿಯದೋ ಎಂದು ಅರ್ಥ ಮಾಡಿಕೊಂಡು ಗಾಬರಿಯಾಗಬೇಕಿಲ್ಲ. ಸೋಡಾವನ್ನು ಯಾರೂ ಕಾಯಿಸುವುದಿಲ್ಲ. ಫ್ರಿಜ್‌ನಲ್ಲಿ ಇಡದ ಬಾಟಲಿಗೆ ಅಲ್ಲಿ ‘ಯ ಮೋಟೊ’. ನಮ್ಮ ಅಂಗಡಿಗಳಲ್ಲಿ ‘ಕೂಲಿಂಗಾ, ನಾರ್ಮಲ್ಲಾ?’ ಎನ್ನುವ ಪ್ರಶ್ನೆಯೇ ಇದು. ಗಂಟಲು ಕೆಟ್ಟವರು ನೆಮ್ಮದಿಯಾಗಿ ‘ಯ ಮೋಟೊ’ ಎನ್ನಬಹುದು.

## ಸೆಕೆಗೆ ಜೋಟೊ

ಹವೆಯ ವಿಷಯ ಬಂದಾಗ ಮೋಟೊ ಬಿಟ್ಟುಬಿಡಿ. ‘ಲೇಯೊ ಕೂನ ಜೋಟೊ ಸಾನ’, ಇವತ್ತು ಬಹಳ ಸೆಕೆ ಇದೆ. ಇಲ್ಲಿ ‘ಕೂನ’ ಎಂದರೆ ಇದೆ. ಕಾಲ ಬದಲಾದರೆ ಬದಲಾಗುವುದು ಅದು, ಜೋಟೊ ಅಲ್ಲ:

ಜಾನ ಕುಲಿಕೂವ ನ ಜೋಟೊ: ನಿನ್ನೆ ಸೆಕೆ ಇತ್ತು
ಕೇಶೊ ಕುಟಕೂವ ನ ಜೋಟೊ: ನಾಳೆ ಸೆಕೆ ಇರುತ್ತದೆ
ಲೇಯೊ ಹಕೂನ ಜೋಟೊ: ಇವತ್ತು ಸೆಕೆ ಇಲ್ಲ

‘ನನಗೆ ಸೆಕೆಯಾಗುತ್ತಿದೆ’ ಎಂಬುದಕ್ಕೆ ‘ನಸಿಕೀಯ ಜೋಟೊ’. ಸಿಕೀಯ ಎಂದರೆ ಕೇಳಿಸಿಕೊಳ್ಳು, ಮೈಗೆ ಅನಿಸುವುದಕ್ಕೂ ಅದೇ ಮಾತು. ಸೆಕೆಯನ್ನು ಕೇಳಿಸಿಕೊಳ್ಳುವುದು ವಿಚಿತ್ರವೆನಿಸಿದರೆ ‘ನಹೀಸಿ ಜೋಟೊ’ ಎನ್ನಬಹುದು, ಅದೂ ಅಷ್ಟೇ ಸರಿ. ಬೆವರು ಹರಿಯುತ್ತಿದ್ದರೆ ‘ನಟೋಕ ಜಾಶೊ’. ಫ್ಯಾನ್ ಹಾಕಿಸಲು ‘ವಾಶ ಫೇನಿ’. ‘ವಾಶ’ದ ಮೂಲ ಅರ್ಥ ಹೊತ್ತಿಸು. ಬೆಂಕಿಗೂ ದೀಪಕ್ಕೂ ಫ್ಯಾನಿಗೂ ಅದೇ ಕ್ರಿಯಾಪದ, ಧಾರವಾಡದ ಕಡೆಯವರು ‘ಫ್ಯಾನ್ ಹಚ್ಚು’ ಎನ್ನುವ ಹಾಗೆ. ಆರಿಸಲು ‘ಜ಼ೀಮ’.

ಹವಾಮಾನ ವರದಿಯಲ್ಲಿ ಕೇಳಿಸುವುದು ‘ನ್ಯುಜ಼ಿಜೋಟೊ’, ಡಿಗ್ರಿ. ‘ನ್ಯೂಜ಼ಿ’ ಎಂಬುದು ಮೊದಲು ಹೇಳಿದ ಊಜ಼ಿಯ, ಅಂದರೆ ದಾರದ ಬಹುವಚನ. ‘ನ್ಯುಜ಼ಿಜೋಟೊ 32’ ಎಂದರೆ 32 ಡಿಗ್ರಿ. ದಾರ್ ಎಸ್ ಸಲಾಮ್, ಜಾಂಜಿಬಾರ್, ಮೊಂಬಾಸಾ ಮೂರೂ ಕರಾವಳಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಗಲಿನಲ್ಲಿ 30 ದಾಟುವುದು ಮಾಮೂಲು, ಗಾಳಿಯಲ್ಲಿ ತೇವವೂ ಹೆಚ್ಚು. ಮಂಗಳೂರಿನ ಸೆಕೆ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ. ಆ ತಿಂಗಳುಗಳಲ್ಲಿ ಈಶಾನ್ಯದಿಂದ ಬೀಸುವ ಗಾಳಿಗೆ ಕರಾವಳಿಯವರು ‘ಕಸ್ಕಾಜ಼ಿ’ ಎನ್ನುತ್ತಾರೆ. ಅರಬ್ ದೇಶಗಳಿಂದ, ಭಾರತದ ಪಶ್ಚಿಮ ಕರಾವಳಿಯಿಂದ ಹಾಯಿಹಡಗುಗಳು ಅಲ್ಲಿಗೆ ಹೋಗುತ್ತಿದ್ದುದು ಈ ಗಾಳಿಯ ಬಲದಿಂದಲೇ. ನೈರೋಬಿಯ ಮಾತು ಬೇರೆ. ಅದು ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಜುಲೈನಲ್ಲಿ ಸ್ವೆಟರ್ ಬೇಕು. ಅಲ್ಲಿಗೆ ಹೋಗುವವರು ಜೋಟೊಗಿಂತ ಮೊದಲು ‘ನಸಿಕೀಯ ಬರೀಡಿ’ (ಚಳಿಯಾಗುತ್ತಿದೆ) ಕಲಿಯುವುದು ಮೇಲು.

## ಮೈ ಸುಡುತ್ತಿದ್ದರೆ

ಆಸ್ಪತ್ರೆಯಲ್ಲಿ ಪದ ತಪ್ಪಿದರೆ ತೊಂದರೆ. ‘ನಸಿಕೀಯ ಜೋಟೊ’ ಎಂದರೆ ಕೇಳಿದವರು ಕಿಟಕಿ ತೆಗೆದಾರು. ಜ್ವರಕ್ಕೆ ‘ನೀನ ಹೋಮ’, ನನಗೆ ಜ್ವರ ಇದೆ. ‘ಮ್ಟೋಟೊ ಆನ ಹೋಮ’, ಮಗುವಿಗೆ ಜ್ವರ ಇದೆ. ನೀನ, ಆನ ಎಂಬುವು ‘ನನಗಿದೆ’, ‘ಅವನಿಗಿದೆ ಅಥವಾ ಅವಳಿಗಿದೆ’ ಎಂಬ ರೂಪಗಳು. ಮೈ ಕಾದಿದೆ ಎನ್ನಲು ‘ಮ್ವೀಲಿ ಊನ ಜೋಟೊ’, ಕೆಂಡದಂತೆ ಸುಡುತ್ತಿದ್ದರೆ ‘ಮ್ವೀಲಿ ಉನಚೇಮ್ಕ’ (ಮೈ ಕುದಿಯುತ್ತಿದೆ).

ಕೆನ್ಯಾದಲ್ಲಿ ‘ಹೋಮ’ ಎಂಬುದನ್ನು ನೆಗಡಿ ಜ್ವರಕ್ಕೂ ಸಡಿಲವಾಗಿ ಬಳಸುತ್ತಾರೆ. ಆದ್ದರಿಂದ ಪದವೊಂದನ್ನೇ ನಂಬದೆ ಅಂಕಿಯನ್ನೂ ಹೇಳಿ. ಥರ್ಮಾಮೀಟರಿಗೆ ‘ಕಿಪಿಮಜೋಟೊ’, ಜೋಟೊ ಅಳೆಯುವ ವಸ್ತು ಎಂದು ಪದವೇ ಹೇಳುತ್ತದೆ. ಅಲ್ಲಿ ಅಳತೆ ಸೆಲ್ಸಿಯಸ್‌ನಲ್ಲಿ. ಮನೆಯಲ್ಲಿ ಫ್ಯಾರನ್‌ಹೀಟ್ ರೂಢಿಯಾದವರು 102 ಎಂದರೆ ಎದುರಿನವರು ಬೆಚ್ಚುತ್ತಾರೆ, ಅದು ಅಲ್ಲಿ 38.9. ಗಂಟಲು ಮುಕ್ಕಳಿಸಲು ಹೇಳುವ ಉಗುರುಬೆಚ್ಚಗಿನ ನೀರು ‘ಮಾಜಿ ಯ ವುಗುವೂಗು’.

## ಖಾರ ಮತ್ತು ಬಿಸಿಲು

‘ಚಕೂಲ ಚ ಮೋಟೊ’ ಕೇಳಿ ಖಾರದ ಊಟ ಬರುತ್ತದೆಂದು ಕಾದರೆ ಸಪ್ಪೆ ಊಟವೇ ಹೊಗೆಯಾಡುತ್ತ ಬರುತ್ತದೆ. ಖಾರದ ಮಾತು ಪಿಲಿಪೀಲಿಯಿಂದ, ಅಂದರೆ ಮೆಣಸಿನಕಾಯಿಯಿಂದ ಶುರುವಾಗಬೇಕು. ಪದದ ಬೇರು ಸಂಸ್ಕೃತದ ಪಿಪ್ಪಲಿ. ನಮ್ಮ ಹಿಪ್ಪಲಿಯೂ ಅದೇ ಬೇರಿನದು.

ಚಕೂಲ ಕೀನ ಪಿಲಿಪೀಲಿ?: ಊಟದಲ್ಲಿ ಖಾರ ಇದೆಯಾ?
ಪಿಲಿಪೀಲಿ ಕಿಡೋಗೊ: ಖಾರ ಸ್ವಲ್ಪ
ಬೀಲ ಪಿಲಿಪೀಲಿ: ಖಾರ ಇಲ್ಲದೆ
ಉಸಿವೇಕೆ ಪಿಲಿಪೀಲಿ: ಖಾರ ಹಾಕಬೇಡಿ

ಜಾಂಜಿಬಾರ್‌ನ ‘ಉರೋಜೊ’ (ಬಜ್ಜಿ, ಆಲೂಗಡ್ಡೆ ಹಾಕಿದ ಹುಳಿ ಸಾರು) ಮಾರುವವರ ಮುಂದೆ ಎರಡನೆಯ ಸಾಲು ತಪ್ಪದೆ ಬೇಕಾಗುತ್ತದೆ. ಮಾರುಕಟ್ಟೆಯಲ್ಲಿ ಮಾತ್ರ ಪಿಲಿಪೀಲಿ ಜೊತೆಗಿನ ಎರಡನೆಯ ಪದದ ಮೇಲೆ ಗಮನವಿರಲಿ: ‘ಪಿಲಿಪೀಲಿ ಹೋಹೊ’ ಎಂದರೆ ದೊಣ್ಣೆಮೆಣಸು, ಖಾರವೇ ಇಲ್ಲ. ‘ಪಿಲಿಪೀಲಿ ಮಾಂಗ’ ಎಂದರೆ ಕಾಳುಮೆಣಸು. ‘ಪಿಲಿಪೀಲಿ ಕಿಚಾಅ’ ಎಂದರೆ ಹುಚ್ಚು ಮೆಣಸು, ನಮ್ಮ ಸೂಜಿಮೆಣಸಿನ ಜಾತಿ. ಸಾರಿಗೆಂದು ಹೋಹೊ ತಂದರೆ ಕೆಡುವುದು ರುಚಿ ಮಾತ್ರ, ಪಲ್ಯಕ್ಕೆಂದು ಕಿಚಾಅ ತಂದರೆ ಊಟವೇ ಕೆಟ್ಟೀತು.

ಬಹಳ ಖಾರ ಎನ್ನಲು ‘ಕಾಲಿ’. ಇದು ಅಸಲಿ ಗುಣವಾಚಕ, ಕೊಂಡಿ ಬೇಡ, ಆದರೆ ತಲೆಯಲ್ಲಿ ಗುಂಪಿನ ಗುರುತು ಹೊರುತ್ತದೆ. ‘ಪಿಲಿಪೀಲಿ ಕಾಲಿ’ ಖಾರದ ಮೆಣಸು, ‘ಮ್ಚೂಜ಼ಿ ಮ್ಕಾಲಿ’ ಖಾರದ ಸಾರು, ‘ಕೀಸು ಕಿಕಾಲಿ’ ಹರಿತ ಚಾಕು, ‘ಮ್ವಲೀಮು ಮ್ಕಾಲಿ’ ಕಟ್ಟುನಿಟ್ಟಿನ ಮೇಷ್ಟ್ರು, ‘ಮವುಮೀವು ಮಕಾಲಿ’ ತೀವ್ರ ನೋವು. ‘ಚಾಯಿ ಕಾಲಿ’ ಎಂದರೆ ಸ್ಟ್ರಾಂಗ್ ಚಹಾ. ಅದು ಆರಿ ತಣ್ಣಗಾಗಿದ್ದರೂ ಕಾಲಿಯೇ. ನೈರೋಬಿಯ ಮನೆಗಳ ಗೇಟಿನ ಮೇಲೆ ‘ಮ್ಬ್ವ ಕಾಲಿ’ ಎಂಬ ಫಲಕ ಎಲ್ಲೆಲ್ಲೂ ಕಾಣುತ್ತದೆ, ನಾಯಿ ಇದೆ ಎಚ್ಚರಿಕೆ. ನಾಯಿ ಜೀವಿಯಾದ್ದರಿಂದ ವ್ಯಾಕರಣದ ಪ್ರಕಾರ ‘ಮ್ಬ್ವ ಮ್ಕಾಲಿ’ ಆಗಬೇಕಿತ್ತು. ಕೆನ್ಯಾದವರೇ ಗೇಟಿನ ಮೇಲೆ ಹೀಗೆ ಬರೆಸಿರುವಾಗ ಹೊಸದಾಗಿ ಕಲಿಯುವವರು ಅಳುಕಬೇಕಿಲ್ಲ.

ಸೂರ್ಯನಿಗೂ ಕಾಲಿ. ‘ಜೂವ ಕಾಲಿ’ ಎಂದರೆ ಉರಿಬಿಸಿಲು. ಕೆನ್ಯಾದಲ್ಲಿ ಇದು ಒಂದು ಇಡೀ ಕಸುಬಿನ ಲೋಕದ ಹೆಸರೂ ಹೌದು. ಸೂರಿಲ್ಲದೆ ಬಿಸಿಲಲ್ಲೇ ಕುಳಿತು ತಗಡು ಬಡಿದು ಒಲೆ, ಪೆಟ್ಟಿಗೆ, ಪಾತ್ರೆ ಮಾಡುವವರು, ರಿಪೇರಿಯವರು, ಒಟ್ಟಾರೆ ಅಸಂಘಟಿತ ಕುಶಲಕರ್ಮಿಗಳೆಲ್ಲ ‘ಜೂವ ಕಾಲಿ’. ನೈರೋಬಿಯ ಕಮುಕುಂಜಿ ಇದಕ್ಕೆ ಹೆಸರಾದ ಜಾಗ. ಆದ್ದರಿಂದ ಪತ್ರಿಕೆಯಲ್ಲಿ ‘ಜೂವ ಕಾಲಿಗೆ ಸಾಲ’ ಎಂಬಂಥ ಸಾಲು ಕಂಡರೆ ಹವಾಮಾನದ ಸುದ್ದಿ ಎಂದುಕೊಳ್ಳಬೇಡಿ.

ಖಾರ ನಾಲಿಗೆಯನ್ನು ಉರಿಸುವುದಕ್ಕೆ ಅಲ್ಲಿನ ಕ್ರಿಯಾಪದ, ಫ್ಯಾನ್ ಹಚ್ಚುವಾಗ ಬಂದ ಅದೇ ‘ವಾಶ’: ‘ಪಿಲಿಪೀಲಿ ಇನವಾಶ’, ಮೆಣಸು ಉರಿಯುತ್ತದೆ. ಒಲೆಯ ಉರಿಗೂ ಬಾಯಿಯ ಉರಿಗೂ ನಮ್ಮಲ್ಲಿ ಒಂದೇ ಮಾತಿದ್ದಂತೆ. ತಮಗೆ ಸಂಬಂಧಿಸದ್ದಕ್ಕೆ ತಲೆ ಹಾಕುವವರಿಗೆ ಹೇಳುವ ಗಾದೆಯಲ್ಲೂ ಇದೇ ಕ್ರಿಯಾಪದ: ‘ಪಿಲಿಪೀಲಿ ಉಸಿಯೊಯೀಲ ಯಕುವಶಿಯಾನಿ?’ ತಿನ್ನದ ಮೆಣಸಿನಕಾಯಿ ನಿನಗೇಕೆ ಉರಿಯುತ್ತದೆ?

## ಬೆಂಕಿ ಎಂದೇ ತಿಳಿಯಬೇಕಾದ ಕಡೆ

ಯಾರಾದರೂ ‘ಮೋಟೊ! ಮೋಟೊ!’ ಎಂದು ಕೂಗಿದರೆ ಬಿಸಿ ವಡೆ ಮಾರುತ್ತಿದ್ದಾರೆ ಎಂದುಕೊಳ್ಳದೆ ಹೊರಗೆ ಬನ್ನಿ. ಅದು ಬೆಂಕಿ ಬಿದ್ದಾಗಿನ ಕೂಗು. ಬೆಂಕಿ ಆರಿಸು ಎಂಬ ‘ಜ಼ೀಮ ಮೋಟೊ’ದಿಂದಲೇ ಅಗ್ನಿಶಾಮಕ ದಳಕ್ಕೆ ‘ಜ಼ಿಮಮೋಟೊ’ ಎಂಬ ಹೆಸರು. ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರ್ ‘ಕಿಜ಼ಿಮಮೋಟೊ’. ಹೊಸ ಕಟ್ಟಡಕ್ಕೆ ಹೋದ ದಿನವೇ ಈ ಪದ ಎಲ್ಲಿ ಬರೆದಿದೆ ಎಂದು ನೋಡಿಕೊಂಡಿರುವುದು ಒಳ್ಳೆಯದು.

ಬಿಸಿ ತಿಂಡಿ ಮಾರುವವರು ಕೂಗುವುದು ಎರಡನ್ನೂ ಒಂದೇ ಪದವಾಗಿ ಕೂಡಿಸಿ: ‘ಚಪಾಟಿ ಮೊಟೊಮೋಟೊ’, ನಮ್ಮ ‘ಬಿಸಿಬಿಸಿ’ಯ ಹಾಗೆ. ಆಗಷ್ಟೇ ಬಂದ ಸುದ್ದಿಯೂ ‘ಹಬಾರಿ ಮೊಟೊಮೋಟೊ’.

ಹುಡುಗರ ಮಾತಿನಲ್ಲಿ ಮೋಟೊ ಮೆಚ್ಚುಗೆಯೂ ಹೌದು. ಹಾಡೋ ಆಟವೋ ಚೆನ್ನಾಗಿದ್ದರೆ ‘ನಿ ಮೋಟೊ!’, ಬೆಂಗಳೂರಿನ ಹುಡುಗರು ‘ಬೆಂಕಿ ಗುರು!’ ಎನ್ನುವಲ್ಲಿ. ಲೇಖನದ ಮೊದಲಿಗೆ ಬಂದ ‘ಮೀಮಿ ನಿ ಮೋಟೊ’ ಸೆಕೆಯ ಮಾತಾಗದೆ ಜಂಬದ ಮಾತಾಗುವುದು ಈ ಕಾರಣಕ್ಕೆ. ಟಾಂಜಾನಿಯಾದ ಕ್ರೀಡಾ ವರದಿಗಳಲ್ಲಿ ಬಲವಾದ ತಂಡವನ್ನು ‘ಮೋಟೊ ವ ಕುವೊಟೇಯ ಮ್ಬಾಲಿ’ ಎನ್ನುವುದುಂಟು, ದೂರದಿಂದಲೇ ಚಳಿ ಕಾಯಿಸಿಕೊಳ್ಳಬೇಕಾದ ಬೆಂಕಿ. ‘ಕುವೋಟ ಮೋಟೊ’ ಎಂದರೆ ಬೆಂಕಿ ಕಾಯಿಸಿಕೊಳ್ಳುವುದು, ಇದೇ ಕ್ರಿಯಾಪದ ‘ಕುವೋಟ ಜೂವ’ ಎಂದಾದರೆ ಬಿಸಿಲು ಕಾಯಿಸುವುದು. ಅಂಥ ತಂಡಕ್ಕೆ ಎದುರಾಳಿಯೂ ಅಷ್ಟೇ ಬಿಸಿಯಾಗಿ ತಿರುಗಿ ಬಿದ್ದರೆ ವರದಿಗಾರರು ‘ಡಾವ ಯ ಮೋಟೊ ನಿ ಮೋಟೊ’ ಎಂಬ ಗಾದೆಯನ್ನು ಎಳೆದು ತರುತ್ತಾರೆ, ಬೆಂಕಿಗೆ ಬೆಂಕಿಯೇ ಮದ್ದು. ಇಲ್ಲಿ ‘ಡಾವ ಯ ಮೋಟೊ’ ಎಂಬುದನ್ನು ‘ಬಿಸಿ ಔಷಧಿ’ ಎಂದು ಓದಿಕೊಳ್ಳಬಾರದು. ಕೊಂಡಿ ಅದೇ, ಪದವೂ ಅದೇ, ಆದರೆ ಮೋಟೊ ಇಲ್ಲಿ ತನ್ನ ಮೊದಲ ಅರ್ಥದಲ್ಲೇ ಇದೆ: ಬೆಂಕಿ.